ಎತ್ತರದ ಹುಡುಗ: ನೆಚ್ಚಬಹುದಾದ ಆಟಗಾರನೋ, ಬರೀ ಹೊಗಳಿಕೆಯೋ?

ಜಹೀರಾಬಾದ್: ಗಡಿ ಭಾಗದ ಯಾವ ಶಾಲೆಗೆ ಹೋದರೂ ಏಳನೇ, ಎಂಟನೇ ತರಗತಿಯಲ್ಲಿ ಓರಗೆಯವರಿಗಿಂತ ಒಂದು ಗೇಣು ಎತ್ತರ ಬೆಳೆದ ಹುಡುಗನೋ ಹುಡುಗಿಯೋ ಒಬ್ಬರಾದರೂ ಇದ್ದೇ ಇರುತ್ತಾರೆ. 'ಹುಡುಗ ಚಲೋ ಎತ್ತರ ಅದಾನ, ಬ್ಯಾಸ್ಕೆಟ್‌ಬಾಲ್‌ಗೆ ಹಾಕ್ರಿ' ಎನ್ನುತ್ತಾರೆ ಪಿ.ಟಿ. ಮಾಸ್ತರು. 'ಪೊಡುಗು ಪಿಲ್ಲಗಾಡು, ಹೈದರಾಬಾದಿಗೆ ಕಳಿಸ್ರಿ' ಎನ್ನುತ್ತಾರೆ ತೆಲುಗು ನೆರೆಯವರು. ಮನೆಯಲ್ಲಿ ಮಾತ್ರ ಅಪ್ಪ ಅವ್ವನ ಮುಂದೆ ಬೇರೆಯದೇ ಪ್ರಶ್ನೆ. ಹತ್ತನೇ ತರಗತಿ ಪರೀಕ್ಷೆಯೋ, ಕ್ರೀಡಾ ಹಾಸ್ಟೆಲ್ಲೋ? ಹುಡುಗನಲ್ಲಿ ನಿಜವಾಗಿ ಆಟ ಇದೆಯೋ, ಅಥವಾ ಎತ್ತರ ನೋಡಿ ಎಲ್ಲರೂ ಹೊಗಳುತ್ತಿದ್ದಾರೋ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಮನೆಗಳಲ್ಲಿ ಏಳುವ ಈ ಪ್ರಶ್ನೆಯನ್ನೇ ಭಾರತೀಯ ಬ್ಯಾಸ್ಕೆಟ್‌ಬಾಲ್ ಕೂಡ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳಿಕೊಳ್ಳುತ್ತಿದೆ. ಆ ಚರ್ಚೆಯ ನಡುವೆ ಇರುವ ಹೆಸರು ಸತ್ನಾಮ್ ಸಿಂಗ್. ಏಳಡಿ ಎರಡು ಅಂಗುಲ ಎತ್ತರದ, ಪಂಜಾಬಿನ ಹಳ್ಳಿಯ ಈ ಸೆಂಟರ್ ಆಟಗಾರ ನಿಜಕ್ಕೂ ಅಷ್ಟು ದೊಡ್ಡ ಆಟಗಾರನೇ? ಅಥವಾ ಆತನನ್ನು ಅತಿಯಾಗಿ ಹೊಗಳಿ ಅಟ್ಟಕ್ಕೇರಿಸಲಾಯಿತೇ?

ಕೂಸು ಹುಟ್ಟುವ ಮುನ್ನ ಕುಲಾವಿ

ಸತ್ನಾಮ್ ಹುಟ್ಟಿದ್ದು 1995ರ ಡಿಸೆಂಬರಿನಲ್ಲಿ, ಬರ್ನಾಲಾ ಜಿಲ್ಲೆಯ ಬಲ್ಲೋಕೆ ಎಂಬ ಸಣ್ಣ ಊರಿನಲ್ಲಿ. ತಂದೆಯದು ಹೊಲ ಮತ್ತು ಹಿಟ್ಟಿನ ಗಿರಣಿ. ಮಗನ ಎತ್ತರ ಕಂಡು ಲುಧಿಯಾನಾದ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಗೆ ಸೇರಿಸಿದರು. 2010ರಲ್ಲಿ, ಇನ್ನೂ 14ರ ಹುಡುಗನಾಗಿದ್ದಾಗ, ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಫ್ಲಾರಿಡಾದಲ್ಲಿರುವ ಐಎಂಜಿ ಅಕಾಡೆಮಿಗೆ ಹೋದ. ಅಲ್ಲಿನ ಭಾಷೆ ಬಾರದು, ಊಟ ಹಿಡಿಸದು. ಆದರೂ ನಿಂತ, ಕಲಿತ. 2013ರಲ್ಲಿ 17ರ ಹರೆಯದಲ್ಲೇ ಭಾರತ ತಂಡದ ಪರ ಏಷ್ಯಾ ಚಾಂಪಿಯನ್‌ಷಿಪ್ ಆಡಿದ.

2015ರ ಜೂನ್‌ನಲ್ಲಿ ಎನ್‌ಬಿಎ ಡ್ರಾಫ್ಟ್ ನಡೆಯಿತು. ಅಮೆರಿಕದ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವ ದಿನ ಅದು. ಡಲ್ಲಾಸ್ ಮಾವೆರಿಕ್ಸ್ ತಂಡ ಸತ್ನಾಮ್‌ನನ್ನು 52ನೇ ಆಯ್ಕೆಯಾಗಿ ಕರೆಯಿತು. ಭಾರತದಲ್ಲಿ ಹುಟ್ಟಿದ ಆಟಗಾರನೊಬ್ಬ ಹೀಗೆ ಆಯ್ಕೆಯಾದದ್ದು ಅದೇ ಮೊದಲು. ಮರುದಿನದಿಂದ ಪತ್ರಿಕೆ, ಟಿ.ವಿ.ಗಳಲ್ಲಿ ಆತನದೇ ಸುದ್ದಿ. ಮರುವರ್ಷ 'ಒನ್ ಇನ್ ಎ ಬಿಲಿಯನ್' ಎಂಬ ಸಾಕ್ಷ್ಯಚಿತ್ರವೂ ಬಂತು. ನೂರು ಕೋಟಿಗೆ ಒಬ್ಬ ಎಂದು ಹೆಸರಿಡುವ ಹೊತ್ತಿಗೆ ಆತ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಮುಂದೆಯೂ ಆಡಲಿಲ್ಲ. ಎನ್‌ಬಿಎಯ ಕೆಳಹಂತದ ಲೀಗಿನಲ್ಲಿ ಟೆಕ್ಸಾಸ್ ಲೆಜೆಂಡ್ಸ್ ತಂಡದ ಜತೆ ಎರಡು ಋತು ಕಳೆದ. ಅಲ್ಲಿ ಸರಾಸರಿ ಪಂದ್ಯಕ್ಕೆ ಎರಡು ಅಂಕವನ್ನೂ ಮುಟ್ಟಲಿಲ್ಲ. ಆಮೇಲೆ 2018-19ರಲ್ಲಿ ಕೆನಡಾದ ಲೀಗಿನಲ್ಲಿ ಆಡಿದ. 2019ರ ನವೆಂಬರಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕಾಗಿ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಶಿಬಿರದ ವೇಳೆ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಹೈಜಿನಮೈನ್ ಎಂಬ ನಿಷೇಧಿತ ಪದಾರ್ಥ ಪತ್ತೆಯಾಗಿತ್ತು. ತಾನು ತಪ್ಪು ಮಾಡಿಲ್ಲ ಎಂದು ಆತ ವಾದಿಸಿದರೂ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ನಿಷೇಧ ಬಿತ್ತು. 2021ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿಯೊಂದರ ಜತೆ ಒಪ್ಪಂದ ಮಾಡಿಕೊಂಡು, 2022ರಲ್ಲಿ ಕುಸ್ತಿ ಅಖಾಡಕ್ಕೆ ಇಳಿದ.

ಎರಡೂ ಕಡೆಯವರ ವಾದ

'ಅತಿಯಾಗಿ ಹೊಗಳಿದರು' ಎನ್ನುವವರ ವಾದ ಸರಳ. ಅಂಕಿಅಂಶ ನೋಡಿ, ಎರಡು ಅಂಕವೂ ಇಲ್ಲ. ದೇಹ ಭಾರ, ಓಟ ನಿಧಾನ. ಆತ ಬಂದ ಕಾಲವೂ ಸರಿ ಇರಲಿಲ್ಲ. 2015ರಲ್ಲಿ ಪ್ರಶಸ್ತಿ ಗೆದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಎತ್ತರದವರನ್ನು ಕೂರಿಸಿ ಚುರುಕಾದ ಗಿಡ್ಡ ಆಟಗಾರರನ್ನು ಇಳಿಸಿತ್ತು. ಬುಟ್ಟಿಯ ಕೆಳಗೆ ಕಂಬದಂತೆ ನಿಲ್ಲುವ ಸೆಂಟರ್‌ಗಳ ಕಾಲ ಮುಗಿಯುತ್ತಾ ಬಂದಿತ್ತು. ಸೆಂಟರ್ ಆದವನೂ ಓಡಬೇಕು, ದೂರದಿಂದ ಮೂರು ಅಂಕದ ಹೊಡೆತ ಹೊಡೆಯಬೇಕು ಎಂಬ ಕಾಲ ಅದು.

ಇನ್ನೊಂದು ಕಡೆಯವರು ಕೇಳುವ ಪ್ರಶ್ನೆಯೂ ಅಷ್ಟೇ ಗಟ್ಟಿ. ಹೊಗಳಿದವರು ಯಾರು? ಡಲ್ಲಾಸ್ ತಂಡವಂತೂ ಅಲ್ಲ. 60 ಆಯ್ಕೆಗಳಲ್ಲಿ 52ನೆಯದು ಎಂದರೆ, ಎಂಟು ಹೆಸರು ಬಿಟ್ಟರೆ ಪಟ್ಟಿ ಮುಗಿಯಿತು. ಅಷ್ಟು ಕೆಳಗೆ ಆಯ್ಕೆಯಾದ ಆಟಗಾರರಲ್ಲಿ ಹಲವರು ಎನ್‌ಬಿಎ ಅಂಗಳವನ್ನೇ ಮೆಟ್ಟುವುದಿಲ್ಲ. 'ನೋಡೋಣ, ಬೆಳೆದರೆ ಬೆಳೆಯಲಿ' ಎನ್ನುವುದಷ್ಟೇ ತಂಡದ ಲೆಕ್ಕವಾಗಿತ್ತು. 19ರ ಹುಡುಗನ ಹೆಗಲ ಮೇಲೆ ನೂರು ಕೋಟಿ ಜನರ ಹೆಸರು ಹೊರಿಸಿದ್ದು ಪ್ರಚಾರ ಮಾಡಿದವರು ಮತ್ತು ಅದನ್ನು ನಂಬಿದವರು. ಆ ಭಾರ ಇಳಿಸಲಾಗದ್ದಕ್ಕೆ ಹುಡುಗನನ್ನೇ ದೂರುವುದು ಯಾವ ನ್ಯಾಯ?

ಎರಡೂ ವಾದಗಳಲ್ಲಿ ಸತ್ಯವಿದೆ. ಆದರೆ ಆಟಗಾರ ನೆಚ್ಚಬಹುದಾದವನೋ ಅಲ್ಲವೋ ಎಂದು ಹೇಳಬೇಕಾದರೆ ಆತ ಸಾಕಷ್ಟು ಪಂದ್ಯ ಆಡಿರಬೇಕು. ಸತ್ನಾಮ್ ವಿಷಯದಲ್ಲಿ ಆಗದೇ ಇದ್ದದ್ದು ಅದೇ.

ಸೆಂಟರ್ ಎಂದರೆ ಬರೀ ಅಂಕವಲ್ಲ

ನಮ್ಮ ಭಾಗದವರಿಗೆ ಕಬಡ್ಡಿ ಗೊತ್ತು. ರೈಡ್ ಹೋಗಿ ಮುಟ್ಟಿ ಬಂದವನಿಗೆ ಚಪ್ಪಾಳೆ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನ ಬೆಲೆ ಆತ ಇಲ್ಲದ ದಿನ ಗೊತ್ತಾಗುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್‌ನ ಪಾಡೂ ಬಹುಮಟ್ಟಿಗೆ ಹೀಗೆಯೇ. ಹತ್ತಡಿ ಎತ್ತರದ ಬುಟ್ಟಿಯ ಕೆಳಗೆ ನಿಂತು ಎದುರಾಳಿಯ ಹೊಡೆತ ತಡೆಯಬೇಕು. ಗುರಿ ತಪ್ಪಿ ಪುಟಿದ ಚೆಂಡು, ಅಂದರೆ ರಿಬೌಂಡ್, ಹಿಡಿಯಬೇಕು. ತನ್ನ ತಂಡದ ಓಟಗಾರನಿಗೆ ದಾರಿಯಾಗಲೆಂದು ಎದುರಾಳಿಗೆ ಗೋಡೆಯಂತೆ ಅಡ್ಡ ನಿಲ್ಲಬೇಕು. ಇದಕ್ಕೆಲ್ಲ ಅಂಕ ಸಿಗದು.

ಇಷ್ಟೆಲ್ಲ ಮಾಡುವಾಗ ಫೌಲ್ ಆಗದಂತೆಯೂ ನೋಡಿಕೊಳ್ಳಬೇಕು. ಅಂತಾರಾಷ್ಟ್ರೀಯ ಪಂದ್ಯ 40 ನಿಮಿಷದ್ದು, ಐದು ಫೌಲ್ ಆದರೆ ಆಟಗಾರ ಹೊರಗೆ. ಎಳೆಯ ಸೆಂಟರ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ಒಂದು ದಿನ 20 ಅಂಕ, ಮರುದಿನ ಹತ್ತು ನಿಮಿಷಕ್ಕೇ ನಾಲ್ಕು ಫೌಲ್. ಕೈಯ ಉದ್ದ ಹುಟ್ಟಿನಿಂದ ಬರುತ್ತದೆ. ಕಾಲು ಎಲ್ಲಿ ಇಡಬೇಕು, ಯಾವಾಗ ಹಾರಬಾರದು ಎಂಬುದು ಆಡಿ ಆಡಿಯೇ ಬರಬೇಕು. ಹತ್ತಿಪ್ಪತ್ತು ಪಂದ್ಯದಲ್ಲಿ ಅದು ಬರದು.

ಕತ್ತೆಗೆ ಮುತ್ತಿಟ್ಟ ಕಥೆ

ಈ ಮಾತಿಗೆ ಒಳ್ಳೆಯ ಸಾಕ್ಷಿ ಚೀನಾದ ಯಾವ್ ಮಿಂಗ್. ಏಳಡಿ ಆರು ಅಂಗುಲದ ಈತನನ್ನು 2002ರಲ್ಲಿ ಹ್ಯೂಸ್ಟನ್ ತಂಡ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಕರೆಯಿತು. ಮೊದಲ ಪಂದ್ಯದಲ್ಲಿ ಸೊನ್ನೆ ಅಂಕ! 'ಇವನದ್ದು ಬರೀ ಎತ್ತರ' ಎಂಬ ಟೀಕೆ ಶುರುವಾಯಿತು. ಮಾಜಿ ಆಟಗಾರ ಚಾರ್ಲ್ಸ್ ಬಾರ್ಕ್ಲಿ ಟಿ.ವಿ.ಯಲ್ಲೇ ಪಣ ಕಟ್ಟಿದರು, ಈತ ಒಂದೇ ಪಂದ್ಯದಲ್ಲಿ 19 ಅಂಕ ಗಳಿಸಲಾರ ಎಂದು. ಕೆಲವೇ ದಿನಗಳಲ್ಲಿ ಯಾವ್ ಲೇಕರ್ಸ್ ವಿರುದ್ಧ 20 ಅಂಕ ಹೊಡೆದ. ಪಣ ಸೋತ ಬಾರ್ಕ್ಲಿ ಟಿ.ವಿ. ಮುಂದೆ ಕತ್ತೆಯ ಹಿಂಭಾಗಕ್ಕೆ ಮುತ್ತಿಡಬೇಕಾಯಿತು! 2011ರಲ್ಲಿ ನಿವೃತ್ತನಾಗುವ ಹೊತ್ತಿಗೆ ಯಾವ್ 486 ಪಂದ್ಯಗಳಲ್ಲಿ ಸರಾಸರಿ 19 ಅಂಕ ಗಳಿಸಿದ್ದ.

ಗಮನಿಸಬೇಕಾದದ್ದು ಇಲ್ಲಿದೆ. ಯಾವ್ ಅಮೆರಿಕಕ್ಕೆ ಹೋಗುವ ಮೊದಲೇ ಶಾಂಘೈ ತಂಡದ ಪರ ಚೀನಾದ ಲೀಗಿನಲ್ಲಿ ಐದು ಋತು ಆಡಿ ಪಳಗಿದ್ದ. 2025ರ ಜೂನ್‌ನಲ್ಲಿ 16ನೇ ಆಯ್ಕೆಯಾಗಿ ಪೋರ್ಟ್‌ಲ್ಯಾಂಡ್ ತಂಡದ ಪಾಲಾದ ಚೀನಾದ ಎಳೆಯ ಸೆಂಟರ್ ಯಾಂಗ್ ಹಾನ್‌ಸೆನ್ ಕೂಡ ಅದೇ ಲೀಗಿನಿಂದ ಬಂದವನು. ಆತನ ಬಗ್ಗೆಯೂ ಇದೇ ಚರ್ಚೆ ನಡೆದಿದೆ. ಆದರೆ ಚರ್ಚಿಸುವವರ ಕೈಯಲ್ಲಿ ಆತ ಊರಲ್ಲಿ ಆಡಿದ ಪಂದ್ಯಗಳ ಲೆಕ್ಕವಾದರೂ ಇದೆ.

ಸತ್ನಾಮ್‌ಗೆ ಅಂಥ ಲೀಗ್ ಇತ್ತೇ? ಇರಲಿಲ್ಲ. ಆತ ಕಾಲೇಜು ತಂಡಕ್ಕೂ ಆಡದೆ ನೇರವಾಗಿ ಡ್ರಾಫ್ಟ್‌ಗೆ ಹೋದವನು. ಭಾರತದಲ್ಲಿ ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂದರೆ ಒಂದು ವಾರದ ಜಾತ್ರೆ. ಬೆಂಗಳೂರು ಬೀಸ್ಟ್, ಹೈದರಾಬಾದ್ ಸ್ಕೈ ಮುಂತಾದ ತಂಡಗಳಿದ್ದ ಯುಬಿಎ ಲೀಗ್ 2015ರಲ್ಲಿ ಹುಟ್ಟಿ 2017ರ ನಂತರ ನಿಂತುಹೋಯಿತು. 2025ರಲ್ಲಿ 25 ವರ್ಷದೊಳಗಿನ ಭಾರತೀಯರಿಗೆಂದು ಐಎನ್‌ಬಿಎಲ್ ಪ್ರೊ ಎಂಬ ಲೀಗ್ ನಡೆಯಿತು. ಅದರಲ್ಲಿ ಹೈದರಾಬಾದ್ ಫಾಲ್ಕನ್ಸ್ ತಂಡವೂ ಇತ್ತು. ಒಳ್ಳೆಯ ಆರಂಭವೇ. ಆದರೆ ಲೀಗ್ ವರ್ಷವರ್ಷವೂ ನಡೆದರೆ ಮಾತ್ರ ಆಟಗಾರ ಪಳಗುತ್ತಾನೆ.

ಸದ್ದಿಲ್ಲದೆ ಆಡಿದವರು

ಸತ್ನಾಮ್ ಸುದ್ದಿಯಲ್ಲಿದ್ದ ಕಾಲದಲ್ಲೇ ಇನ್ನೊಬ್ಬ ಪಂಜಾಬಿ ಸೆಂಟರ್ ಭಾರತ ತಂಡದ ಬೆನ್ನೆಲುಬಾಗಿದ್ದ. ಹೆಸರು ಅಮೃತ್‌ಪಾಲ್ ಸಿಂಗ್. ಎತ್ತರ ಆರಡಿ ಹನ್ನೊಂದು ಅಂಗುಲ. ರೈತನ ಮಗ, ಮೊದಲು ಆಡುತ್ತಿದ್ದದ್ದು ಕಬಡ್ಡಿ. ಬ್ಯಾಸ್ಕೆಟ್‌ಬಾಲ್ ಚೆಂಡು ಹಿಡಿದದ್ದೇ ಸುಮಾರು 19ನೇ ವಯಸ್ಸಿನಲ್ಲಿ. 2014ರಲ್ಲಿ ಚೀನಾದ ವುಹಾನ್‌ನಲ್ಲಿ ಭಾರತ ಆತಿಥೇಯ ಚೀನಾವನ್ನು 65-58ರಿಂದ ಸೋಲಿಸಿ ಏಷ್ಯಾವನ್ನೇ ಬೆರಗುಗೊಳಿಸಿದ ಕಾಲದ ತಂಡದಲ್ಲಿ ಅಮೃತ್‌ಪಾಲ್ ಮುಖ್ಯ ಆಟಗಾರ. ಜಪಾನಿನಲ್ಲಿ ಆಡಿದ. 2017-18ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ಸೇರಿದ. ಸಾಕ್ಷ್ಯಚಿತ್ರ ಬರಲಿಲ್ಲ, ನೂರು ಕೋಟಿಗೆ ಒಬ್ಬ ಎಂದು ಯಾರೂ ಕರೆಯಲಿಲ್ಲ. ವರ್ಷಗಟ್ಟಲೆ ಪಂದ್ಯ ಸಿಕ್ಕಿತು, ಆಡಿದ.

ಹೆಣ್ಣುಮಕ್ಕಳಲ್ಲಿ ಕೇರಳದ ಗೀತು ಅನ್ನಾ ಜೋಸ್ ಹೆಸರು ಹೇಳಲೇಬೇಕು. ಆರಡಿ ಎರಡು ಅಂಗುಲದ ಈ ಸೆಂಟರ್ ದಕ್ಷಿಣ ರೈಲ್ವೆಯಲ್ಲಿ ನೌಕರಿ ಮಾಡುತ್ತಲೇ ಆಡಿದರು, ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೂ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ತಂಡಗಳು ಪರೀಕ್ಷೆಗೆ ಕರೆದವು, ಆಯ್ಕೆ ಮಾತ್ರ ಆಗಲಿಲ್ಲ. ವಾಪಸು ಬಂದು ಮತ್ತೆ ಆಡಿದರು. 2014ರ ಅರ್ಜುನ ಪ್ರಶಸ್ತಿ ಅವರದಾಯಿತು. ಇಂಥವರ ಬಗ್ಗೆ 'ಅತಿ ಹೊಗಳಿಕೆ' ಎಂಬ ಮಾತು ಬರುವುದೇ ಇಲ್ಲ. ಯಾಕೆಂದರೆ ಯಾರೂ ಅಷ್ಟಾಗಿ ಹೊಗಳಲಿಲ್ಲ!

ಈಗಿನ ಹುಡುಗರ ಕಡೆ ಬಂದರೆ, ಆರಡಿ ಹತ್ತು ಅಂಗುಲದ ಪ್ರಿನ್ಸ್‌ಪಾಲ್ ಸಿಂಗ್ 2020ರಲ್ಲಿ ಅಮೆರಿಕದ ಜಿ ಲೀಗ್ ಇಗ್ನೈಟ್ ತಂಡ ಸೇರಿದಾಗ ಮತ್ತೆ ಅದೇ ಸದ್ದು. ಅಲ್ಲಿ ಆಡಲು ಸಿಕ್ಕ ನಿಮಿಷಗಳು ಕಡಿಮೆ. 2021ರಲ್ಲಿ ಬೇಸಿಗೆ ಲೀಗ್ ಗೆದ್ದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಪಟ್ಟಿಯಲ್ಲಿ ಆತನ ಹೆಸರಿತ್ತು. ಏಳಡಿಯ ಅಮಾನ್ ಸಂಧು ದೆಹಲಿ ಬಳಿಯ ಎನ್‌ಬಿಎ ಅಕಾಡೆಮಿಯಿಂದ ಅಮೆರಿಕದ ಮಾನ್‌ಮತ್ ವಿಶ್ವವಿದ್ಯಾಲಯದ ತಂಡಕ್ಕೆ ಹೋದ. ಸತ್ನಾಮ್‌ಗೆ ಸಿಗದ ಕಾಲೇಜು ಪಂದ್ಯಗಳು ಈತನಿಗೆ ಸಿಕ್ಕವು. ದಾರಿ ಸ್ವಲ್ಪ ಸ್ವಲ್ಪವೇ ತಿದ್ದಿಕೊಳ್ಳುತ್ತಿದೆ ಎನ್ನಬಹುದು.

ಜೆದ್ದಾ ಕಲಿಸಿದ ಪಾಠ

ಒಬ್ಬ ಆಟಗಾರನ ಮಾತು ಹಾಗಿರಲಿ, ಇಡೀ ತಂಡಕ್ಕೂ ಇದೇ ಕೊರತೆ. 2025ರ ಆಗಸ್ಟ್‌ನಲ್ಲಿ ಸೌದಿ ಅರೇಬಿಯಾದ ಜೆದ್ದಾದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಮೊದಲ ಪಂದ್ಯದಲ್ಲೇ ಜೋರ್ಡಾನ್‌ಗೆ ಬೆವರಿಳಿಸಿತು. ಕೊನೆಯ ಕ್ಷಣದ ಮೂರು ಅಂಕದ ಹೊಡೆತದಿಂದ ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಭಾರತ ಸೋತದ್ದು 84-91ರಿಂದ, ಅಂದರೆ ಏಳೇ ಅಂಕ. ಮುಂದಿನ ಪಂದ್ಯ ಚೀನಾ ವಿರುದ್ಧ, 69-100ರ ಸೋಲು. ಆತಿಥೇಯ ಸೌದಿ ಎದುರೂ ಸೋತು ತಂಡ ಮನೆಗೆ ಬಂತು.

ಬೆಂಗಳೂರಿನಲ್ಲೇ ಮಹಿಳಾ ತಂಡ ಇಂಥದ್ದನ್ನು ಕಂಡಿತ್ತು. 2017ರ ಏಷ್ಯಾ ಕಪ್‌ನ ಎರಡನೇ ದರ್ಜೆಯ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ದರ್ಜೆಗೆ ಏರಿದ ತಂಡ, 2019ರಲ್ಲಿ ಅದೇ ಬೆಂಗಳೂರಿನಲ್ಲಿ ಮೇಲಿನ ದರ್ಜೆಯ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಒಂದು ದಿನ ಗೆಲ್ಲುವ ಶಕ್ತಿ ಇದೆ, ಪಂದ್ಯದಿಂದ ಪಂದ್ಯಕ್ಕೆ ಉಳಿಸಿಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಎದುರಾಳಿ ದೇಶಗಳ ಆಟಗಾರರು ವರ್ಷವಿಡೀ ಲೀಗ್ ಆಡುತ್ತಾರೆ, ನಮ್ಮವರು ಶಿಬಿರದಲ್ಲಿ ತಯಾರಾಗುತ್ತಾರೆ. ಅಂತರ ಇರುವುದು ಅಲ್ಲಿ.

ಗಡಿ ಊರಿನ ಮನೆಗೆ ಇದರಿಂದೇನು?

1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಿಂದ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದ ಬೇರೆಯಾಗಿ ತೆಲುಗು ರಾಜ್ಯಕ್ಕೆ ಸೇರಿದವು. ಮಾತು, ಸಂಬಂಧ ಎರಡೂ ಕಡೆ ಉಳಿದವು. ಮಗನನ್ನು ಬೀದರಿನ ಅತ್ತೆಯ ಮನೆಯಲ್ಲಿಟ್ಟು ಓದಿಸುವುದು, ತಾಂಡೂರಿನಿಂದ ಸೇಡಂಗೆ ಕಳಿಸುವುದು ಇಲ್ಲಿ ಹೊಸದಲ್ಲ. ಆದರೆ ಕ್ರೀಡೆಯಲ್ಲಿ ಗಡಿ ಗೆರೆ ದಪ್ಪ. ಶಾಲಾ ಕ್ರೀಡಾಕೂಟದಲ್ಲಿ ಮಗು ಆಡುವುದು ತಾನು ಓದುವ ಶಾಲೆಯ ರಾಜ್ಯಕ್ಕೆ. ಸರ್ಕಾರಿ ಕ್ರೀಡಾ ಶಾಲೆ, ಹಾಸ್ಟೆಲ್‌ಗಳಲ್ಲಿ ಸ್ಥಳೀಯತೆಯ ದಾಖಲೆ ಕೇಳುತ್ತಾರೆ. ಆದ್ದರಿಂದ ಯಾವ ಕಡೆ ಎಂಬುದನ್ನು ಮೊದಲೇ ತೀರ್ಮಾನಿಸುವುದು ಮೇಲು.

ತೆಲಂಗಾಣದ ಹಕೀಂಪೇಟೆ ಕ್ರೀಡಾ ಶಾಲೆಗೆ ಮುಖ್ಯವಾಗಿ ಆಯ್ಕೆ ನಡೆಯುವುದು ನಾಲ್ಕನೇ ತರಗತಿಗೆ. 30 ಮೀಟರ್ ಓಟ, 800 ಮೀಟರ್ ಓಟ, ಶಟಲ್ ಓಟ, ನಿಂತು ಜಿಗಿಯುವುದು, ಮೆಡಿಸಿನ್ ಬಾಲ್ ಎಸೆತ ಹೀಗೆ ಹಲವು ಪರೀಕ್ಷೆ. ಎತ್ತರವೂ ಅದರಲ್ಲಿ ಒಂದು, ಒಂದು ಮಾತ್ರ. ಏಳನೇ ತರಗತಿಯಲ್ಲಿ ಎತ್ತರ ಕಂಡ ಮಗುವಿಗೆ ಆ ಮುಖ್ಯ ಬಾಗಿಲು ದಾಟಿ ಹೋಗಿರುತ್ತದೆ. ಹಾಗೆಂದು ಎದೆಗುಂದಬೇಕಿಲ್ಲ, 19ಕ್ಕೆ ಚೆಂಡು ಹಿಡಿದ ಅಮೃತ್‌ಪಾಲ್ ಕಥೆ ಮೇಲೆಯೇ ಇದೆ. ಕರ್ನಾಟಕದಲ್ಲಿ ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳಿವೆ, ಬೆಂಗಳೂರಿನ ವಿದ್ಯಾನಗರ, ಮೈಸೂರಿನ ಡಿವೈಇಎಸ್ ತಂಡಗಳ ಹೆಸರು ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಪರಿಚಿತ.

ಯಾವುದೇ ಅಕಾಡೆಮಿಯವರು ಮನೆ ಬಾಗಿಲಿಗೆ ಬಂದು ಮಗನ ಎತ್ತರ ಹೊಗಳಿದರೆ ತಂದೆ ತಾಯಿ ನಾಲ್ಕು ಮಾತು ಕೇಳಬೇಕು. ವರ್ಷಕ್ಕೆ ಎಷ್ಟು ಪಂದ್ಯ ಆಡಿಸುತ್ತೀರಿ? ಅದರಲ್ಲಿ ಈ ಮಗು ಅಂಗಳದಲ್ಲಿರುವುದು ಎಷ್ಟು ನಿಮಿಷ, ಬೆಂಚಿನ ಮೇಲೆ ಎಷ್ಟು? ಹತ್ತನೇ ತರಗತಿ, ಇಂಟರ್ ಓದಿಗೆ ಏನು ವ್ಯವಸ್ಥೆ? ಮೊಣಕಾಲು ಪೆಟ್ಟಾದರೆ ಖರ್ಚು ಯಾರದು? ಈ ನಾಲ್ಕಕ್ಕೆ ನೇರ ಉತ್ತರ ಕೊಡುವವರನ್ನು ನಂಬಬಹುದು. 'ಎನ್‌ಬಿಎಗೆ ಕಳಿಸ್ತೀವಿ' ಎನ್ನುವವರಿಂದ ಸ್ವಲ್ಪ ದೂರವೇ ಒಳ್ಳೆಯದು.

ಇನ್ನೊಂದು ಎಚ್ಚರಿಕೆ ಪುಡಿ, ಗುಳಿಗೆಗಳದ್ದು. ದೇಹ ಬೆಳೆಸುವ ಡಬ್ಬಿಗಳು ಈಗ ಸಣ್ಣ ಪಟ್ಟಣದ ಅಂಗಡಿಗಳಲ್ಲೂ ಸಿಗುತ್ತವೆ. ಡಬ್ಬಿಯೊಳಗೆ ಏನಿದೆ ಎಂಬುದು ಮಾರುವವರಿಗೂ ಗೊತ್ತಿರುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ 'ಗೊತ್ತಿರಲಿಲ್ಲ' ಎಂಬ ಮಾತು ನಡೆಯುವುದು ಕಷ್ಟ. ಎರಡು ವರ್ಷದ ನಿಷೇಧ ಆಟಗಾರನ ಒಳ್ಳೆಯ ಕಾಲವನ್ನೇ ತಿಂದುಬಿಡುತ್ತದೆ.

ಓದು ಬಿಡಿಸಬಾರದು ಎನ್ನುವುದಕ್ಕೂ ಕಾರಣವಿದೆ. ಈ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಅನ್ನದ ದಾರಿ ಇವತ್ತಿಗೂ ರೈಲ್ವೆ, ಪೊಲೀಸ್, ಬ್ಯಾಂಕ್, ಸರ್ಕಾರಿ ಕಂಪನಿಗಳ ಕ್ರೀಡಾ ಕೋಟಾ. ಅಲ್ಲಿ ಆಟದ ಸರ್ಟಿಫಿಕೇಟ್ ಜತೆ ಅಂಕಪಟ್ಟಿಯೂ ಬೇಕು.

ಹೂವು ನೋಡಿ ರಾಶಿ ಲೆಕ್ಕ ಬೇಡ

ಸತ್ನಾಮ್ ಸಿಂಗ್ ಅತಿಯಾಗಿ ಹೊಗಳಿಸಿಕೊಂಡವನೇ? ಹೌದು, ಆದರೆ ತೂಕ ತಪ್ಪಿದ್ದು ತಕ್ಕಡಿ ಹಿಡಿದವರ ಕೈಯಲ್ಲಿ. ನೆಚ್ಚಬಹುದಾದ ಆಟಗಾರನಾಗಿದ್ದನೇ? ಅದನ್ನು ತೋರಿಸಲು ಬೇಕಾದಷ್ಟು ಪಂದ್ಯ ಆತನಿಗೆ ತಕ್ಕ ವಯಸ್ಸಿನಲ್ಲಿ ಸಿಗಲಿಲ್ಲ. ಹಳ್ಳಿಯೊಂದರಿಂದ ಎನ್‌ಬಿಎ ಬಾಗಿಲವರೆಗೆ ನಡೆದುಹೋದ ದಾರಿಯನ್ನಂತೂ ಆತನಿಂದ ಯಾರೂ ಕಸಿಯಲಾರರು.

2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಾಂಡೂರಿನ ತೊಗರಿ ಬೆಳೆಯುವ ರೈತನಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಗೆ ಬಿತ್ತಿದ ತೊಗರಿ ಆಳೆತ್ತರ ಬೆಳೆದು ಹೊಲವೆಲ್ಲ ಹಳದಿ ಹೂವು ತುಂಬಿದಾಗ ನೋಡಲು ಚೆಂದ. ಆದರೆ ಆ ಹೊತ್ತಿಗೆ ಯಾವ ರೈತನೂ ರಾಶಿಯ ಲೆಕ್ಕ ಹಾಕುವುದಿಲ್ಲ. ಮಂಜು ಬಿದ್ದು ಹೂವು ಉದುರಬಹುದು, ಕಾಯಿಗೆ ಹುಳು ಬೀಳಬಹುದು. ಆತ ಕಣಕ್ಕೆ ಬರುವವರೆಗೆ ಕಾಯುತ್ತಾನೆ, ಅಲ್ಲಿಯವರೆಗೆ ಆರೈಕೆ ಬಿಡುವುದಿಲ್ಲ. ಮನೆಯಲ್ಲಿ ಎತ್ತರ ಬೆಳೆಯುತ್ತಿರುವ ಮಗುವಿಗೂ ಅಷ್ಟೇ ತಾಳ್ಮೆ, ಅಷ್ಟೇ ಆರೈಕೆ ಸಾಕು. ಗೋಡೆಯ ಮೇಲೆ ಗೆರೆ ಎಳೆದು ಎತ್ತರ ಅಳೆಯುವವರು, ಪಕ್ಕದಲ್ಲೇ ಈ ವರ್ಷ ಆಡಿದ ಪಂದ್ಯಗಳನ್ನೂ ಬರೆದಿಡಲಿ. ನಾಲ್ಕು ವರ್ಷ ಬಿಟ್ಟು ನೋಡಿದರೆ ಉತ್ತರ ಆ ಗೋಡೆಯ ಮೇಲೆಯೇ ಇರುತ್ತದೆ.